ಮೊದಲೇ ಬರೆದ ನಡಾವಳಿ

ಕಿಟಕಿಯ ಪರದೆ ಉಬ್ಬಿ, ಒಂದು ಗಳಿಗೆ ಹಾಗೇ ನಿಂತು, ಮತ್ತೆ ಸರಳಿಗೆ ಅಂಟಿಕೊಂಡಿತು, ಯಾರೋ ಒಳಗೆ ಬರಲು ಹೊರಟು ಬೇಡವೆಂದು ಹಿಂತಿರುಗಿದ ಹಾಗೆ — ಅವಳು ಅದನ್ನೇ ನೋಡುತ್ತಿದ್ದಳು, ಯಾಕೆಂದರೆ ಅಧ್ಯಕ್ಷರು ಓದುತ್ತಿದ್ದುದು ಕಿವಿಗೆ ಬೀಳುತ್ತಿದ್ದರೂ ಮನಸ್ಸಿಗೆ ಇಳಿಯುತ್ತಿರಲಿಲ್ಲ, ಮಾತಿನ ತರಗತಿಯನ್ನು ಮುಂದಿನ ತಿಂಗಳಿಂದ ನಿಲ್ಲಿಸುವುದೆಂದೂ, ಆ ಕೋಣೆಯಲ್ಲಿ ಕೈಕಾಲಿನ ವ್ಯಾಯಾಮದ ಯಂತ್ರಗಳನ್ನು ಇರಿಸುವುದೆಂದೂ, ಚರ್ಚೆಯ ನಂತರ ಸರ್ವಾನುಮತದಿಂದ ತೀರ್ಮಾನಿಸಲಾಯಿತು. ತೀರ್ಮಾನಿಸಲಾಯಿತಂತೆ, ಸಭೆ ಶುರುವಾಗಿ ಹತ್ತು ನಿಮಿಷವಾಗಿಲ್ಲ, ಕಾಫಿ ಇನ್ನೂ ಬಂದಿಲ್ಲ, ಒಬ್ಬರೂ ಬಾಯಿ ತೆರೆದಿಲ್ಲ, ಚರ್ಚೆ ಮಾತ್ರ ಆಗಿಹೋಗಿ, ಟೈಪಾಗಿ, ಕೆಳಗೆ ಐದು ಜನರ ಹೆಸರೂ ಸಾಲಾಗಿ ಕೂತುಬಿಟ್ಟಿದೆ. ಇದೆಂಥ ಕ್ರಮ, ಸಭೆಗೆ ಮುಂಚೆ ನಡಾವಳಿ ಬರೆಯುವುದುಂಟೇ ಅಂತ ಕೇಳಬೇಕು, ಆದರೆ ಯಾವ ಮುಖ ಇಟ್ಟುಕೊಂಡು ಕೇಳುವುದು, ಇಪ್ಪತ್ತೆರಡು ವರ್ಷ ಈ ಸಂಸ್ಥೆಯ ಕಾರ್ಯದರ್ಶಿಯಾಗಿ ಅವಳು ಮಾಡಿದ್ದು ಇದನ್ನೇ ಅಲ್ಲವೇ, ಸಭೆಗೆ ಎರಡು ದಿನ ಮುಂಚೆ ಊಟದ ಮೇಜಿನ ಮೇಲೆ ಪುಸ್ತಕ ಬಿಡಿಸಿಕೊಂಡು, ದುಂಡಗಿನ ಅಕ್ಷರದಲ್ಲಿ, ಚರ್ಚೆಯ ನಂತರ ತೀರ್ಮಾನಿಸಲಾಯಿತು ಎಂದು ಬರೆದಿಟ್ಟು, ಸಹಿಗೆ ಜಾಗ ಬಿಟ್ಟು, ಎದ್ದು ಒಲೆ ಹಚ್ಚುತ್ತಿದ್ದಳು. ಪಾಪ, ಎಲ್ಲರಿಗೂ ಅವರವರ ಕೆಲಸ, ಡಾಕ್ಟರರಿಗೆ ರೋಗಿಗಳ ಸಾಲು, ಹೆಡ್ ಮಿಸ್ಸಿಗೆ ಮಂಡಿನೋವು, ಮೆಟ್ಟಿಲು ಹತ್ತಬೇಡಿ ಮಿಸ್, ಪುಸ್ತಕ ನಾನೇ ತರ್ತೀನಿ, ತಂದು ಅವರ ಮಂಚದ ಅಂಚಿಗೆ ಇಟ್ಟರೆ ಅವರು ಕನ್ನಡಕವನ್ನೂ ಹಾಕಿಕೊಳ್ಳದೆ, ಎಲ್ಲಿ ಮಾಡಲಿ ಹೇಳಿ, ಅನ್ನುತ್ತಿದ್ದರು, ಎಷ್ಟು ಒಳ್ಳೆಯ ಜನ ಸಿಕ್ಕಿದರಪ್ಪ ಅಂತ ಅವಳು ರಸ್ತೆಯುದ್ದಕ್ಕೂ ಖುಷಿಪಟ್ಟುಕೊಂಡು ಬರುತ್ತಿದ್ದಳು. ಒಬ್ಬನೇ ಒಬ್ಬ, ಆ ಚಿಕ್ಕ ವಯಸ್ಸಿನ ವಕೀಲ, ಒಂದು ದಿನ ಪುಸ್ತಕ ತಿರುಗಿಸಿ ನೋಡಿ, ಅಲ್ಲ ಮೇಡಂ, ನಾನು ಇದಕ್ಕೆ ಒಪ್ಪಿದ್ದು ಯಾವಾಗ, ನಂಗೇ ನೆನಪಿಲ್ವಲ್ಲ, ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕು ಬಿಸ್ಕತ್ತಿನ ತಟ್ಟೆ ಅವನ ಕಡೆ ಸರಿಸಿದಳು, ಅವನು ಒಂದು ತಗೊಂಡ, ಸಹಿ ಹಾಕಿದ, ಆಮೇಲೆ ಎರಡು ಸಭೆಗೆ ಬಂದ, ಮೂರನೆಯದಕ್ಕೆ ಬರಲಿಲ್ಲ. ಹೋಗಲಿ ಬಿಡು, ಅವನಿಗೆ ತಗಾದೆ ಸ್ವಭಾವ, ಅಂದುಕೊಂಡು ಅವನ ಜಾಗಕ್ಕೆ ಈ ಕಂಟ್ರಾಕ್ಟರನ್ನು ಕರೆತಂದವಳು ಅವಳೇ, ಆಮೇಲೆ ಅಧ್ಯಕ್ಷರನ್ನಾಗಿ ಮಾಡಿದವಳೂ ಅವಳೇ, ವಿನಯದ ಮನುಷ್ಯ, ಬಂದ ಮೊದಲ ವಾರವೇ ಅವಳ ಸೊಂಟನೋವು ನೋಡಿ ಈ ಕುರ್ಚಿಗೊಂದು ಮೆತ್ತೆ ಹೊಲಿಸಿಕೊಟ್ಟ, ಈಗಲೂ ಅದರ ಮೇಲೇ ಕೂತಿದ್ದಾಳೆ.

ಗೋಡೆಯಾಚೆ ತರಗತಿ ನಡೆಯುತ್ತಿದೆ, ಬ, ಬ, ಅಂತ ಒಂದು ದಪ್ಪ ದನಿ, ಬಸ್ ಓಡಿಸುತ್ತಿದ್ದವರು, ಪಾರ್ಶ್ವವಾಯು ಬಡಿದು ಮಾತು ಹೋಗಿದೆ, ಹೆಂಡತಿಯ ಹೆಸರು ಹೇಳಲು ಒದ್ದಾಡುತ್ತಿದ್ದಾರೆ, ಟೀಚರ್ ಸುಮ್ಮನೆ ಕಾಯುತ್ತಿದ್ದಾಳೆ, ಆ ಹುಡುಗಿ ಕಾಯುವುದನ್ನು ನೋಡಬೇಕು, ಗಡಿಯಾರದ ಕಡೆ ಒಮ್ಮೆಯೂ ತಿರುಗುವುದಿಲ್ಲ. ಇವಳ ಗಂಡನಿಗೂ ಹಾಗೇ ಕಾದಿದ್ದಳು, ಆಗಲೂ ಅದೇ ಕೋಣೆ, ಎರಡೇ ಕುರ್ಚಿ, ಅವರು ತುಟಿ ಅಲ್ಲಾಡಿಸಿದ ಕೂಡಲೇ ಇವಳು ನೀರಾ, ಕಾಫಿನಾ, ಫ್ಯಾನ್ ಹಾಕಲಾ ಅಂತ ಶುರುಮಾಡುತ್ತಿದ್ದಳು, ಅಮ್ಮಾ, ನೀವು ಹೇಳಿಕೊಡಬೇಡಿ, ಎಲ್ಲಾ ನೀವೇ ಹೇಳಿಬಿಟ್ರೆ ಅವರು ಯಾಕೆ ಹೇಳ್ತಾರೆ, ಅಂದಿದ್ದಳು ಟೀಚರ್, ಗದರಿಸಿದ್ದಲ್ಲ, ಹೇಳುವಾಗ ಇವಳ ಕೈಮೇಲೆ ಕೈ ಇಟ್ಟಿದ್ದಳು. ನಾಲ್ಕು ತಿಂಗಳು ತುಟಿ ಕಚ್ಚಿಕೊಂಡು ಕಾದ ಮೇಲೆ ಒಂದು ಮಧ್ಯಾಹ್ನ, ತಟ್ಟೆಗೆ ಮೂರನೇ ಸಲ ಅನ್ನ ಬಡಿಸುತ್ತಿದ್ದಾಗ, ಅವರು ಸಾಕು ಅಂದರು, ಸಾಕು, ಮದುವೆಯಾದಾಗಿನಿಂದ ಅವರು ಅಷ್ಟು ಚೆನ್ನಾಗಿ ಇನ್ನೊಂದು ಮಾತಾಡಿದ್ದು ಅವಳಿಗೆ ನೆನಪಿಲ್ಲ, ಸೌಟು ಹಿಡಿದುಕೊಂಡೇ ಅತ್ತಿದ್ದಳು. ಇನ್ನು ಆ ಬಸ್ಸಿನವರು ಎಲ್ಲಿಗೆ ಹೋಗುತ್ತಾರೆ, ಈ ಊರಲ್ಲಿ ಇನ್ನೊಂದು ತರಗತಿ ಇಲ್ಲ, ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಗಂಡ ತನ್ನನ್ನು ಕರೆಯುತ್ತಾನೆಂದು. ಅಕ್ಕ, ಹನ್ನೊಂದು ಜನಕ್ಕೆ ಒಂದು ಕೋಣೆ ಹಿಡಿದಿಟ್ಟಿದೀವಿ, ಯಂತ್ರ ಹಾಕಿದ್ರೆ ದಿನಕ್ಕೆ ಅರವತ್ತು ಜನಕ್ಕೆ ಅನುಕೂಲ ಆಗುತ್ತೆ, ಅಂತ ಅಧ್ಯಕ್ಷರು ಈಗ ಅವಳನ್ನೇ ನೋಡಿ ಹೇಳುತ್ತಿದ್ದಾರೆ, ಸುಳ್ಳಲ್ಲ, ಅದೇ ಕಷ್ಟ, ಆ ಅರವತ್ತು ಜನರೂ ನಿಜ.

ಒಂದು ನಿಮಿಷ, ಅಂದಳು ಕೊನೆಗೆ, ಇದನ್ನ ಸ್ವಲ್ಪ ಮಾತಾಡೋಣ, ನಿಮ್ಮ ನಿಮ್ಮ ಅಭಿಪ್ರಾಯ ಹೇಳಿ — ನಾಲ್ಕು ಮುಖಗಳೂ ಅವಳ ಕಡೆ ತಿರುಗಿದವು, ಪಾಠ ಓದಿಕೊಂಡು ಬರದ ಮಕ್ಕಳ ಹಾಗೆ. ಅಯ್ಯೋ, ನೀವು ಹೇಗೆ ಹೇಳ್ತೀರೋ ಹಾಗೆ, ಅಂದರು ಹೆಡ್ ಮಿಸ್, ನಮಗೇನು ಗೊತ್ತಾಗುತ್ತೆ. ಅಕ್ಕ ನೋಡಿದಾರೆ ಇದನ್ನ, ಮೊನ್ನೆನೇ ಮನೆಗೆ ಕಳಿಸಿದ್ದೆ, ಅಂದರು ಅಧ್ಯಕ್ಷರು. ಓ, ನೀವು ನೋಡಿದೀರಾ, ಹಾಗಾದ್ರೆ ಸರಿ ಬಿಡಿ. ನೋಡಿದೀನಿ ಮಿಸ್, ಆದ್ರೆ, ಅನ್ನುವಷ್ಟರಲ್ಲಿ ಅಧ್ಯಕ್ಷರದು ಒಂದು, ಹೆಡ್ ಮಿಸ್ಸಿನದು ಒಂದು, ಎರಡು ಸಹಿ ಬಿದ್ದಿತ್ತು. ನೋಡಿದ್ದು ಹೌದು, ಎರಡು ರಾತ್ರಿ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು, ಫೋನ್ ಮಾಡಿ ಬೇಡ ಅನ್ನಬಹುದಿತ್ತು, ಸಭೆಯಲ್ಲಿ ಯಾರಾದರೂ ಅಂದಾರು ಎಂದು ಬಿಟ್ಟಿದ್ದಳು, ಯಾರಾದರೂ ಅಂದರೆ ಯಾರು. ಇನ್ನೊಂದು ಸಹಿ ಬಿದ್ದರೆ ಮುಗಿಯಿತು, ಐದರಲ್ಲಿ ಮೂರು, ಹಾಳೆ ಈಗ ಇನ್ನೊಬ್ಬ ಸದಸ್ಯೆ, ಅವಳ ನಾದಿನಿಯ ಮುಂದಿದೆ. ಆ ಕೋಣೆಯಲ್ಲಿ ಮಾತು ಕಲಿತದ್ದು ಅವಳ ಸ್ವಂತ ಅಣ್ಣ, ಅವಳಿಗೆ ಗೊತ್ತಿಲ್ಲವೇ. ನಾದಿನಿ ಬಾಗಿ ಕಿವಿಯ ಹತ್ತಿರ, ಅತ್ತಿಗೆ, ನಿಮಗೆ ಬೇಸರಾನಾ, ಸಹಿ ಮಾಡ್ಲಾ ಬೇಡ್ವಾ, ನೀವು ಹೇಳಿ, ಅಂದಳು. ಬೇಡ ಅಂದರೆ ಸಾಕು, ಪೆನ್ನು ಕೆಳಗಿಡುತ್ತಾಳೆ, ಹಾಗೆ ಹೇಳಿದ್ದಕ್ಕೇ ಇಡುತ್ತಾಳೆ, ಇಪ್ಪತ್ತೆರಡು ವರ್ಷ ಸಹಿ ಹಾಕಿದ ಹಾಗೆಯೇ ಇಡುತ್ತಾಳೆ, ಒಂದೇ ಒಂದು ಸಲ, ದೇವರೇ, ಇವಳೇ ಹೇಳಲಿ, ನಿನಗೇನು ಅನ್ನಿಸುತ್ತೆ ಹೇಳು, ಅಂದಳು ಅವಳು, ಅಂದು ಕಾದಳು, ಟೀಚರ್ ಕಾಯುವ ಹಾಗೆ, ನಾದಿನಿಯ ತುಟಿ ತುಸು ತೆರೆಯಿತು, ಕಣ್ಣು ಇವಳ ಹಣೆ, ಹುಬ್ಬು, ಬಾಯಿ ಎಲ್ಲಾ ಹುಡುಕಿತು, ಉತ್ತರ ಎಲ್ಲಿ ಬರೆದಿದೆಯೋ ಎಂದು, ಸಿಗಲಿಲ್ಲ, ಮುಖ ಮೆತ್ತಗಾಯಿತು, ಸುಮ್ಮನಿರಿ ಅತ್ತಿಗೆ, ನಿಮಗೆ ಇಷ್ಟು ದಣಿವಾಗಿದೆ, ಇನ್ನು ಎಳೆಯೋದು ಬೇಡ, ಅಂದು ಪ್ರೀತಿಯಿಂದ, ನಿಜವಾದ ಪ್ರೀತಿಯಿಂದ, ಸಹಿ ಹಾಕಿಬಿಟ್ಟಳು. ಅಂದರೆ ಮುಗಿಯಿತು, ಇಷ್ಟೇನಾ, ಡಾಕ್ಟರು ಜೇಬಿನಿಂದ ತಮ್ಮ ಶಾಯಿ ಪೆನ್ನು ತೆಗೆದು ಸಹಿ ಹಾಕಿದರು, ಅದು ನಾಲ್ಕನೆಯದು, ಲೆಕ್ಕಕ್ಕೆ ಬೇಕಿರಲಿಲ್ಲ, ಹಾಳೆಯನ್ನು ಅವಳ ಮುಂದೆ ಸರಿಸಿ, ಅವಳ ಬೆರಳು ಮಡಚುವುದಿಲ್ಲವೆಂದು ಗೊತ್ತಿದ್ದವರು, ಮುಚ್ಚಳ ಹಾಕಲಿಲ್ಲ, ನಿಬ್ಬಿನ ತುದಿಯ ಶಾಯಿಯನ್ನು ತಮ್ಮ ಕರವಸ್ತ್ರದ ಮೂಲೆಗೆ ಒತ್ತಿ ಒರೆಸಿ, ಚಾಕು ಕೊಡುವವರು ಹಿಡಿ ಈ ಕಡೆ ಮಾಡಿ ಕೊಡುವ ಹಾಗೆ ತಿರುಗಿಸಿ ಹಿಡಿದರು, ನಿಧಾನವಾಗಿ ಮಾಡಿ, ಅವಸರ ಏನಿಲ್ಲ — ಬೇಡ ಅನ್ನಬಹುದು, ಈಗಲೂ ಅನ್ನಬಹುದು, ಏನು ಪ್ರಯೋಜನ, ಅಂದರೆ ಎಲ್ಲರೂ ನೊಂದುಕೊಳ್ಳುತ್ತಾರೆ, ಮೊದಲೇ ಹೇಳಬಾರದಿತ್ತೇ ಅನ್ನುತ್ತಾರೆ, ಮೊದಲೇ, ಕರವಸ್ತ್ರದ ಮೂಲೆಯಲ್ಲಿ ನೀಲಿ ಚುಕ್ಕೆ ಅಗಲವಾಗುತ್ತಿದೆ, ಪೆನ್ನು ಹಾಗೇ ಇದೆ, ಹಿಡಿ ಅವಳ ಕಡೆ, ನಿಬ್ಬು ಅವರ ಎದೆಯ ಕಡೆ, ಅವರು ಕಾಯುತ್ತಿದ್ದಾರೆ, ಕೈ ಒಂದಿಷ್ಟೂ ಅಲ್ಲಾಡುತ್ತಿಲ್ಲ, ಹಿಡಿ ಅವಳ ಕಡೆ, ನಿಬ್ಬು ಅವರ ಎದೆಯ ಕಡೆ, ನಿಬ್ಬಿನ ತುದಿಯಲ್ಲಿ ಮತ್ತೆ ಒಂದು ಹನಿ