ಕಸ್ತೂರಿ ಎತ್ತಿಕೊಟ್ಟ ಚೆಂಡು

ನಾನು ಒಂದು ವಾಲಿಬಾಲ್. ಹುಟ್ಟಿದ್ದು ದೂರದ ಪಂಜಾಬಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ರಬ್ಬರಿನ ಚೀಲಕ್ಕೆ ನೂಲು ಸುತ್ತಿ, ಅದರ ಮೇಲೆ ಹಳದಿ, ನೀಲಿ ಪಟ್ಟಿಗಳನ್ನು ಒಬ್ಬ ಹೆಂಗಸು ಒಂದೊಂದಾಗಿ ಅಂಟಿಸಿದಳು. ಆಮೇಲೆ ಗಾಳಿ ತೆಗೆದು, ಚಪ್ಪಟೆ ಮಾಡಿ, ರೈಲು ಹತ್ತಿಸಿದರು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕ್ರಿಕೆಟ್ ಬ್ಯಾಟುಗಳ ಹಿಂದೆ ಬಹಳ ಕಾಲ ಬಿದ್ದಿದ್ದೆ. ಬಂದವರೆಲ್ಲ ಬ್ಯಾಟು ಕೇಳುವವರೇ.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಹೋದವರು ಹಾದಿಮನಿ ಸರ್. ಬೆಟಗೇರಿಯಲ್ಲಿ ಅವರು ಹುಡುಗಿಯರ ತಂಡ ಕಟ್ಟಿದ್ದರು. ಮೈದಾನದ ಮೂರು ಕಡೆಯೂ ನೇಕಾರರ ಮನೆಗಳು. ಮಗ್ಗಗಳ ಸದ್ದು ನಿಂತಿತೆಂದರೆ ಕರೆಂಟು ಹೋಗಿದೆ ಎಂದು ನನಗೂ ತಿಳಿಯುತ್ತಿತ್ತು.

ಆ ತಂಡದಲ್ಲಿ ಎಲ್ಲರೂ ನನ್ನನ್ನು ಹೊಡೆಯುವವರೇ. ತಸ್ಲೀಮಾ ಹೊಡೆದರಂತೂ ನೆಲಕ್ಕೆ ಬಿದ್ದು ಎರಡಾಳೆತ್ತರ ಪುಟಿಯುತ್ತಿದ್ದೆ. ಕಸ್ತೂರಿ ಮಾತ್ರ ಹೊಡೆಯುತ್ತಿರಲಿಲ್ಲ. ಅವಳು ಸೆಟ್ಟರ್. ಎದುರಿನವರು ಕಳಿಸಿದ ಚೆಂಡನ್ನು ಯಾರೋ ಎತ್ತಿದ ಮೇಲೆ, ಅದರ ಕೆಳಗೆ ಓಡಿ ಬಂದು, ಹೊಡೆಯುವವರಿಗೆ ಬೇಕಾದ ಎತ್ತರಕ್ಕೆ ಎತ್ತಿಕೊಡುವುದು ಅವಳ ಕೆಲಸ. ಮನೆಯಲ್ಲಿ ಅಪ್ಪನ ಮಗ್ಗಕ್ಕೆ ನೂಲು ಸುತ್ತಿ ಬಂದ ಬೆರಳುಗಳು. ಹಿಡಿದೂ ಹಿಡಿಯದ ಹಾಗೆ ನನ್ನನ್ನು ತೇಲಿಬಿಡುತ್ತಿದ್ದವು. ಆಟ ಯಾವ ಕಡೆ ತಿರುಗಬೇಕೆಂಬುದು ಆ ಬೆರಳುಗಳಲ್ಲೇ ತೀರ್ಮಾನವಾಗುತ್ತಿತ್ತು. ಅವಳೇ ನಾಯಕಿ. ರಾತ್ರಿ ನಾನು ಮಲಗುತ್ತಿದ್ದುದು ಅವಳ ಮನೆಯ ಮೊಳೆಗೆ ನೇತುಹಾಕಿದ ಬಲೆಚೀಲದಲ್ಲಿ.

ಆ ವರ್ಷ ತಂಡ ಮೊದಲ ಸಲ ರಾಜ್ಯಮಟ್ಟದ ಸೆಮಿಫೈನಲ್ ಮುಟ್ಟಿತು. ಆಟ ಬಾಗಲಕೋಟೆಯಲ್ಲಿ. ರೆಫರಿ ಎರಡೂ ತಂಡಗಳು ತಂದ ಚೆಂಡುಗಳನ್ನು ಒತ್ತಿ ನೋಡಿ ನನ್ನನ್ನೇ ಆರಿಸಿಕೊಂಡರು.

ಕೊನೆಯ ಸೆಟ್ಟಿನವರೆಗೂ ಆಟ ಎಳೆಯಿತು. ಎದುರಾಳಿಗಳಿಗೆ ಇನ್ನೊಂದು ಪಾಯಿಂಟು ಸಿಕ್ಕರೆ ಮುಗಿಯಿತು. ಅಷ್ಟು ಹೊತ್ತು ಹೊಡೆದು ಗೆಲ್ಲಿಸುತ್ತಿದ್ದ ತಸ್ಲೀಮಾಳ ಹೊಡೆತಗಳನ್ನು ಅವರು ಆಗಷ್ಟೇ ಎರಡು ಸಲ ತಡೆದು ಹಾಕಿದ್ದರು. ನಾನು ಮೇಲಿನಿಂದ ಕಸ್ತೂರಿಯ ಕೈಗೆ ಇಳಿಯುತ್ತಿದ್ದೆ. ಅವಳು ಒಮ್ಮೆ ತಸ್ಲೀಮಾಳ ಕಡೆ ನೋಡಿದಳು. ಆದರೆ ಅವಳಿಗೆ ಕೊಡಲಿಲ್ಲ. ಯಾರೂ ಎಣಿಸದ ಹಾಗೆ ತಾನೇ ನನ್ನನ್ನು ನೆಟ್ಟಿನಾಚೆ ತಳ್ಳಿದಳು. ನಾನು ನೆಟ್ಟಿನ ಅಂಚಿಗೆ ಬಡಿದು, ಅಲ್ಲೇ ತುಸು ಹೊರಳಿ, ನಮ್ಮ ಕಡೆಗೇ ಬಿದ್ದೆ.

ಯಾರೋ ಮೊಬೈಲಿನಲ್ಲಿ ತೆಗೆದ ಆ ಒಂದು ಚೆಂಡಿನ ವಿಡಿಯೊ ನಾವು ಊರು ಸೇರುವ ಮೊದಲೇ ಊರು ಸೇರಿತ್ತು. ಮರುದಿನ ಕಸ್ತೂರಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಚಹಾದಂಗಡಿ ಮುಂದೆ ಹಾಯುವಾಗ ಒಳಗಿನ ಮಾತು ರಸ್ತೆಗೆ ಕೇಳುತ್ತಿತ್ತು.

"ತಸ್ಲೀಮಾಗ ಕೊಟ್ಟಿದ್ರ ಗೆದ್ದ ಬರ್ತಿದ್ರು ನೋಡ್ರಿ."

"ಅಕಿಗೆ ತಾನ ಹೀರೋಯಿನ್ ಆಗಬೇಕಿತ್ತಲ್ಲ. ತಂಡಾನ ಮುಳುಗಿಸಿದ್ಲು."

ಕಸ್ತೂರಿ ನಡಿಗೆ ಬದಲಿಸಲಿಲ್ಲ. ಚೀಲದ ಹಗ್ಗವನ್ನು ಮಾತ್ರ ಗಟ್ಟಿಯಾಗಿ ಹಿಡಿದಳು. ಮನೆಯಲ್ಲಿ ಅಪ್ಪ ಮಗ್ಗ ನಿಲ್ಲಿಸಿ, "ನಿಂದೇನೂ ತಪ್ಪಿಲ್ಲವ್ವಾ, ನಸೀಬ ಸರಿ ಇರಲಿಲ್ಲ," ಎಂದ. ಬೈಗುಳಕ್ಕಿಂತ ಆ ಸಮಾಧಾನವೇ ಅವಳನ್ನು ಹೆಚ್ಚು ಕುಗ್ಗಿಸಿದಂತೆ ಕಂಡಿತು.

ಸಂಜೆ ಮೈದಾನದಲ್ಲಿ ಹಾದಿಮನಿ ಸರ್ ಎಲ್ಲರನ್ನೂ ಸುತ್ತ ಕೂರಿಸಿದರು. ಸೋತ ಸಿಟ್ಟು ಅವರಲ್ಲೂ ಇಳಿದಿರಲಿಲ್ಲ.

"ಕಸ್ತೂರಿ, ಎಲ್ಲಾರ ಮುಂದ ಹೇಳು. ಹೊಡಿಯಾಕಿ ಬಾಜೂಕ ನಿಂತಿದ್ಲು. ಯಾಕ ಕೊಡಲಿಲ್ಲ?"

ಕಸ್ತೂರಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. "ತಿಳೀಲಿಲ್ರಿ ಸರ್."

"ತಿಳೀಲಿಲ್ಲೋ, ನಾನ ಗೆಲ್ಲಿಸ್ತೀನಿ ಅನ್ನೋ ಸೊಕ್ಕೋ?"

ಬೆರಳುಗಳು ನನ್ನ ಮೈಯೊಳಗೆ ಹೂತುಹೋಗುವಂತೆ ಒತ್ತಿದವು. ಆಗ ತಸ್ಲೀಮಾ ಎದ್ದು ನಿಂತಳು.

"ಅಕಿನ್ನ ಬೈಬ್ಯಾಡ್ರಿ ಸರ್. ನಾನ ಹೆದರಿದ್ದೆ. ಎರಡು ಸಲ ತಡದ ಮ್ಯಾಲೆ ಕೈ ಸತ್ತಂಗ ಆಗಿತ್ತು. ಯಾ ಅಲ್ಲಾ, ಚೆಂಡು ನನ್ನ ಕಡೆ ಬರೋದು ಬ್ಯಾಡ ಅಂತಿದ್ದೆ. ಕಸ್ತೂರಿ ನನ್ನ ಮಾರಿ ನೋಡಿದ್ಲು. ಅಕಿಗೆ ತಿಳೀತು. ನಿನ್ನೆಯಿಂದ ಮಂದಿ ಅಕಿಗೆ ಅಂತಾರ, ನಾ ಸುಮ್ಮನ ಕೇಳಾಕತ್ತೀನಿ."

"ಕೂಡ್ರ ತಸ್ಲೀಮಾ," ಎಂದಳು ಕಸ್ತೂರಿ ಮೆಲ್ಲಗೆ. "ಹೆದರಿಕಿ ಯಾರಿಗೆ ಬರೂದಿಲ್ಲ?"

ಸರ್ ಕಸ್ತೂರಿಯ ಎದುರು ಕುಕ್ಕರಗಾಲಲ್ಲಿ ಕೂತರು.

"ಸೊಕ್ಕು ಅಂದದ್ದು ನಂದು ತಪ್ಪಾತವ್ವಾ. ನೀ ವಿಚಾರ ಮಾಡಿದ್ದು ಖರೇನ ಐತಿ. ಆದ್ರ ಚೆಂಡು ನೆಟ್ಟಿಗೆ ಹತ್ತಿತಲ್ಲ, ಅದು?"

"ಕೈ ತಗ್ಗಿತ್ರಿ ಸರ್. ಜಿಗಿಯೋದು ತಡ ಆತು."

"ಹೌದು, ತಡ ಆತು. ಅಷ್ಟ ನಿನ್ನ ತಪ್ಪು. ಅದಕ್ಕಿಂತ ಹೆಚ್ಚು ಯಾರ ಹೇಳಿದ್ರೂ ತಗೋಬ್ಯಾಡ."

ಆ ಮಾತು ಕೇಳಿದ ಮೇಲೆ ಕಸ್ತೂರಿ ಅತ್ತಳು. ಅವಳ ಕಣ್ಣೀರು ನನ್ನ ಮೇಲೆಯೇ ಬಿತ್ತು. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಎದ್ದು ನೆಟ್ಟಿನ ಹತ್ತಿರ ಹೋದಳು. ಕತ್ತಲಾಗುವವರೆಗೂ ಜಿಗಿದು ಜಿಗಿದು ಅದೇ ಚೆಂಡನ್ನು ದಾಟಿಸಿದಳು. ಆಚೆ ಬದಿ ನಿಂತು ನನ್ನನ್ನು ಹೆಕ್ಕಿ ಕೊಟ್ಟವಳು ತಸ್ಲೀಮಾ.

ಮುಂದೆ ಅವರು ಗೆದ್ದದ್ದೂ ಉಂಟು, ಸೋತದ್ದೂ ಉಂಟು. ನನ್ನ ಪಟ್ಟಿಗಳು ಒಂದೊಂದಾಗಿ ಎದ್ದವು, ಗಾಳಿ ನಿಲ್ಲದಾಯಿತು. ಈಗ ಕಸ್ತೂರಿಯೇ ಅದೇ ಮೈದಾನದಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ನನ್ನೊಳಗೆ ಹಳೆಬಟ್ಟೆ ತುಂಬಿ, ಹೊಲಿದು, ಬೇವಿನ ಕೊಂಬೆಗೆ ಕಟ್ಟಿದ್ದಾಳೆ. ಹೊಸಬರು ಜಿಗಿದು ನನ್ನನ್ನು ಮುಟ್ಟಲು ಕಲಿಯುತ್ತಾರೆ.

ಊರಿನವರಲ್ಲಿ ಕೆಲವರು ಇವತ್ತಿಗೂ ಅವಳನ್ನು ಕಂಡರೆ ಬಾಗಲಕೋಟೆಯ ಮಾತು ತೆಗೆಯುತ್ತಾರೆ. ಆಟ ನೋಡಿದವರಿಗೆ ನೆನಪಿರುವುದು ಕೊನೆಯ ಚೆಂಡು. ನನಗೆ ಎಲ್ಲ ಚೆಂಡುಗಳೂ ನೆನಪಿವೆ. ಎಲ್ಲವೂ ನಾನೇ ಆಗಿದ್ದೆನಲ್ಲ.