ಎರಡು ಕೋಣೆಗಳ ನಡುವಿನ ಬಾಗಿಲು

“ನೆಲ ಒರೆಸೋಳು ಒರೆಸ್ಕೊಂಡು ಬಿದ್ದಿರು! ಕಚೇರಿ ಕೆಲಸ ನಂಗೆ ಹೇಳ್ಕೊಡ್ಬೇಡ.”

ಮಕ್ಕಳ ಕಲ್ಯಾಣ ಕಚೇರಿಯ ಗುಮಾಸ್ತ ಎರಡೂ ಕಾಲೆತ್ತಿ ಹಿಡಿದ. ಅವನ ಕಾಲಡಿಯ ನೆಲವೂ ನನ್ನ ಪಾಲಿನದೇ. ಒರೆಸಿದೆ. ನಾನು ಕೇಳಿದ್ದು ಮಗಳ ಕಾಲುಪಟ್ಟಿ ಯಾವಾಗ ಬರುತ್ತದೆ ಎಂದಷ್ಟೇ.

“ಮತ್ತೆ ವಾಪಸ್ ಕಣೇ. ಅಳ್ತೆ ಹಳೇದಾಯ್ತು. ಹೊಸದು ತಗೊಂಡ್ ಬಾ.”

ಇದು ಮೂರನೇ ಸಲ. ನನ್ನ ಮಗಳಿಗೆ ಏಳು ವರ್ಷ, ಕಾಲುಗಳು ಒಳಕ್ಕೆ ಬಾಗುತ್ತಿವೆ. ಪಟ್ಟಿ ಕಟ್ಟಿದರೆ ನಡೆಯುತ್ತಾಳೆ, ಇನ್ನೂ ತಡವಾದರೆ ಮೂಳೆಯನ್ನೇ ಕತ್ತರಿಸಬೇಕು. ಅಳತೆ ಬರೆಯುವುದು ಡಾಕ್ಟರಮ್ಮ, ಪಟ್ಟಿ ಕೊಡುವುದು ಈ ಗುಮಾಸ್ತ. ನಡುವೆ ಆ ಕಾಗದ ದೊಡ್ಡ ಕಚೇರಿಗೆ ಹೋಗಿ ನಾಲ್ಕು ತಿಂಗಳು ಮಲಗೆದ್ದು ಬರಬೇಕು. ಅಳತೆಯ ಆಯುಸ್ಸು ಮಾತ್ರ ಮೂರೇ ತಿಂಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಎಲ್ಲರೂ ಪೂಜಾರಿಗಳೇ.

ಡಾಕ್ಟರಮ್ಮ ಕೂರುವುದು ಎಲ್ಲೋ ದೂರದಲ್ಲಲ್ಲ, ಪಕ್ಕದ ಕೋಣೆಯಲ್ಲಿ. ಆಕೆ ಸೀನಿದರೆ ಗುಮಾಸ್ತನಿಗೆ ಕೇಳುತ್ತದೆ. ನಡುಗೋಡೆಯಲ್ಲಿ ಒಂದು ಬಾಗಿಲೂ ಇದೆ. ಅದಕ್ಕೆ ಅಡ್ಡವಾಗಿ ಕಬ್ಬಿಣದ ಬೀರು ಇಟ್ಟಿದ್ದಾರೆ. ಅದರ ಹಿಂದಿನ ಜೇಡರಬಲೆ ತೆಗೆಯುವವಳು ನಾನಲ್ಲದೆ ಇನ್ನಾರು?

ಹೊರಗೆ ಬೆಂಚಿನ ಮೇಲಿದ್ದ ಮಗಳನ್ನು ಎತ್ತಿಕೊಂಡೆ.

“ಅಮ್ಮಾ, ಇವತ್ತೂ ಬರೀ ಅಳ್ತೇನಾ?” ಎಂದಳು.

ಒಳಗೆ ಬಂದು ಅವಳನ್ನು ಗುಮಾಸ್ತನ ಮೇಜಿನ ಮೇಲೇ ಕೂರಿಸಿ, ಬೀರುವಿಗೆ ಹೆಗಲು ಕೊಟ್ಟೆ. ಅದು ಕಿರುಚುತ್ತಾ ಸರಿಯಿತು.

“ಏಯ್, ತಲೆ ಕೆಟ್ಟಿದ್ಯೇನೇ ಮುಂಡೇ!”

ಚಿಲಕ ತುಕ್ಕು ಹಿಡಿದಿತ್ತು. ಒರೆಸುವ ಕೋಲಿನಿಂದ ನಾಲ್ಕು ಬಡಿದೆ. ಬಾಗಿಲು ತೆರೆಯಿತು. ಆಚೆ ಡಾಕ್ಟರಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮಗಳನ್ನು ತಂದು ಹೊಸ್ತಿಲ ಮೇಲೆ ಕೂರಿಸಿದೆ.

“ಡಾಕ್ಟ್ರಮ್ಮಾ, ಟೇಪು ತಗೊಳ್ಳಿ. ಇವತ್ತಿನ ಅಳ್ತೆ ಇವತ್ತೇ ಬರೀರಿ. ಸಾರ್, ನೀವು ಕೈ ಚಾಚಿ ಈಸ್ಕೊಳ್ಳಿ. ನಾಲ್ಕು ಹೆಜ್ಜೇನೂ ಆಗಲ್ಲ.”

ಡಾಕ್ಟರಮ್ಮ ಗುಮಾಸ್ತನ ಮುಖ ನೋಡಿದರು. ಆಮೇಲೆ ಮಗಳ ಕಾಲು ನೋಡಿ, ಟೇಪು ಬಿಚ್ಚಿ, ಅಳೆದು ಬರೆದರು. ಕಾಗದ ಹೊಸ್ತಿಲ ಮೇಲಿಂದ ಈಚೆಗೆ ಬಂತು. ಗುಮಾಸ್ತ ಕೈ ಕಟ್ಟಿಕೊಂಡ.

“ಇದು ನಿಯಮ ಅಲ್ಲ. ನಿನ್ನ ಕೆಲಸದಿಂದ ಕಿತ್ತು ಬಿಸಾಕಿಸ್ತೀನಿ, ನೋಡ್ತಿರು!”

ಅಷ್ಟರಲ್ಲಿ ಹೊರಗೆ ಸಾಲಿನಲ್ಲಿದ್ದ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಬಂದಿದ್ದರು. ಒಬ್ಬೊಬ್ಬಳ ಕೈಯಲ್ಲೂ ಹಳೆಯದಾದ ಒಂದೊಂದು ಅಳತೆ. ನಾನು ಮಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ.

“ಕೀಳಿಸೋ, ಅದೆಷ್ಟು ಕೀಳಿಸ್ತೀಯೋ ಕೀಳಿಸು. ದೊಡ್ಡ ಕಚೇರಿಗೆ ಇವತ್ತೇ ಬರಿ. ಅಲ್ಲಿಂದ ಕಾಗದ ಬರೋಕೆ ನಾಲ್ಕು ತಿಂಗಳು ಬೇಕು. ಅಲ್ಲೀವರೆಗೂ ಈ ಹೊಸ್ತಿಲು ನಮ್ದು.”