ವಠಾರದ ನೆಟ್ ಡಬ್ಬಿ

"ಕಕ್ಕಸು ಬಳಿಯೋ ಮುಂಡೇವಕ್ಕೆ ಕಳ್ಳ ನೆಟ್ ಬೇರೆ ಕೇಡು! ಈರುಳ್ಳಿ ತೆರೆಯೋಳು ಯಾವಳೇ? ನೀನೇನಾ?"

ನಾಗಭೂಷಣ ಚಪ್ಪಲಿ ಕಾಲಲ್ಲೇ ನಮ್ಮ ಹೊಸಿಲ ಮೇಲೆ ನಿಂತಿದ್ದ. ಕೊಡಿಗೇಹಳ್ಳಿಯ ಈ ವಠಾರ ಅವನದು. ನಲ್ಲಿ ನೀರು, ಕೇಬಲ್ಲು, ಎಲ್ಲ ಮನೆಗೂ ಸೇರಿ ಕಂಬಕ್ಕೆ ಕಟ್ಟಿದ ನೆಟ್ ಡಬ್ಬಿ, ಎಲ್ಲವೂ ಅವನವೇ. ಸಹಕಾರನಗರದ ಅಪಾರ್ಟ್‌ಮೆಂಟಿನ ಮಲದ ಗುಂಡಿಯ ಗುತ್ತಿಗೆಯೂ ಅವನದು. ನನ್ನಣ್ಣ ಮುನೀಂದ್ರ ಹೋದ ವಾರ ಸತ್ತದ್ದು ಆ ಗುಂಡಿಯಲ್ಲೇ.

ಹಗ್ಗವಿಲ್ಲದೆ ಇಳಿಯಲ್ಲ ಅಂದವನನ್ನು ಇವನೇ ಕುತ್ತಿಗೆ ಹಿಡಿದು ಇಳಿಸಿದ್ದ. ಕುಡಿದು ಬಿದ್ದ ಅಂತ ಪೊಲೀಸರು ಬರೆದುಕೊಂಡು ಹೋದರು. ಜೊತೆಗಿದ್ದ ಲಕ್ಕಣ್ಣ ಎಲ್ಲವನ್ನೂ ವಿಡಿಯೋ ಮಾಡಿ ತನ್ನ ಹೆಸರಲ್ಲೇ ಫೇಸ್‌ಬುಕ್ಕಿಗೆ ಹಾಕಿದ. ಸಂಜೆಯೊಳಗೆ ವಿಡಿಯೋ ಮಾಯ, ಲಕ್ಕಣ್ಣನ ಕೈ ಮುರಿದಿತ್ತು. ನನ್ನ ಫೋನಿಗೆ ಕಳಿಸಿದ್ದೊಂದೇ ಉಳಿದದ್ದು.

ಪಕ್ಕದ ಮನೆಯ ಸಬೀರಾ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಹೆಸರು ಕೇಳದೆ ವಿಡಿಯೋ ತೆಗೆದುಕೊಳ್ಳುವ ಪತ್ರಿಕೆಯೊಂದಿದೆ, ಕಳಿಸಿದ್ದು ಯಾರೆಂದು ಅವರಿಗೂ ತಿಳಿಯುವುದಿಲ್ಲ ಎಂದು ನನ್ನ ಫೋನಿಗೆ ಟಾರ್ ಎಂಬ ಗುಟ್ಟಿನ ಆ್ಯಪ್ ಹಾಕಿಕೊಟ್ಟಳು. ಅದರ ಗುರುತು ಈರುಳ್ಳಿ. ನಾಗಭೂಷಣನ ನೆಟ್ಟಿನಲ್ಲಿ ಅದನ್ನು ತಡೆದಿದ್ದರು. ನನ್ನ ಸಿಮ್ಮಿನ ನೆಟ್ಟಿಗೆ ವಿಡಿಯೋ ಕಳಿಸುವ ಕಸುವಿರಲಿಲ್ಲ.

ಒಂದೇ ಡಬ್ಬಿ, ಇಷ್ಟೊಂದು ಮನೆ. ಯಾರು ತೆರೆಯಲು ನೋಡುತ್ತಿದ್ದಾರೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ನನ್ನವ್ವ ದ್ರೌಪದಮ್ಮನೇ ಹೇಳಿ ಬಂದಿದ್ದಳು.

"ನೀರು ಬರ್ದಿದ್ರೆ ಅವ್ರನ್ನೇ ಕೇಳಾದಲ್ವಾ? ಅಂಗೇ, ನಮ್ ಶಿಲ್ಪನ್ ಫೋನಾಗೆ ಈರುಳ್ಳಿ ತೆರ್ಕಂತಿಲ್ಲ, ವಸಿ ನೋಡಿ ಸ್ವಾಮಿ ಅಂದೆ ಕಣವ್ವಾ."

ಅವಳಿಗೆ ಹೊಡೆಯಬೇಕೆನ್ನಿಸಿತು. ಮಗನನ್ನು ಮಣ್ಣು ಮಾಡಿ ಬಂದವಳಿಗೆ ಯಾವ ಬಾಯಲ್ಲಿ ಬೈಯಲಿ?

"ತಾರೇ ಈಚೆಗೆ ಫೋನ!" ನಾಗಭೂಷಣ ಕೈ ಚಾಚಿದ.

"ಪಕ್ಕದ್ಮನೇಲಿ ಚಾರ್ಜಿಗಾಕಿದೀನಿ, ತತ್ತೀನಿ," ಎಂದು ಓಡಿದೆ.

ಸಬೀರಾ ಅಂಗಡಿಯಿಂದ ಒಂದು ಉದ್ದದ ಅಡ್ರೆಸ್ಸು ತಂದಿದ್ದಳು. "ಮುಂದಿನ ಬಾಗ್ಲು ಮುಚ್ಚಿದಾರೆ ಅಷ್ಟೆ ಕಣೇ. ಇದನ್ನ ಬ್ರಿಡ್ಜ್ ಅಂತಾರೆ, ಹಿತ್ಲ ಬಾಗ್ಲು ಇದ್ದಂಗೆ. ಯಾವ ಲಿಸ್ಟಲ್ಲೂ ಇಲ್ಲ, ಮುಚ್ಚೋಕೆ ಅವ್ರಿಗೆ ಗೊತ್ತೇ ಆಗಲ್ಲ," ಎನ್ನುತ್ತಾ ಒಂದೊಂದೇ ಅಕ್ಷರ ಒತ್ತಿದಳು. ಈರುಳ್ಳಿ ಹಸಿರಾಯಿತು. ವಿಡಿಯೋ ತೆವಳತೊಡಗಿತು.

"ಏನೇ ಹಾದರಗಿತ್ತಿ, ಒಳ್ಗೆ ಕಳಿಸ್ತಾ ಕೂತಿದೀಯಾ? ತಡಿ, ಡಬ್ಬೀನೇ ಕಿತ್ತಾಕ್ತೀನಿ!"

ಕಿಟಕಿಯಿಂದ ನೋಡಿದೆ. ಅವನು ಕಂಬದ ಕಡೆ ಹೊರಟಿದ್ದ. ಅವ್ವ ಓಡಿ ಬಂದು ಅವನ ಕಾಲಿಗೆ ಬಿದ್ದಳು.

"ತಪ್ಪಾಯ್ತು ಸ್ವಾಮಿ, ಒಟ್ಟೆಗಾಕ್ಕಳಿ."

ಕಾಲಿಗೆ ಬೀಳಿಸಿಕೊಂಡು ಅಭ್ಯಾಸವಿದ್ದವನು, ನಿಂತ. ಬಿದ್ದವರು ಏಳುತ್ತಾರೆಂದು ಕಾದ. ಅವ್ವ ಏಳಲಿಲ್ಲ. ಎರಡೂ ತೋಳಲ್ಲಿ ಅವನ ಕಾಲು ತಬ್ಬಿಕೊಂಡಳು.

"ಬಿಡೇ ಮುದ್ಕಿ!" ಎದೆಗೆ ಒದ್ದ. ವಠಾರದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ಇಳಿದು ಬರಲಿಲ್ಲ. ಅವಳನ್ನು ಎಳೆದುಕೊಂಡೇ ಅವನು ಕಂಬದತ್ತ ಹೆಜ್ಜೆ ಹಾಕಿದ. ನಾನು ಬಾಗಿಲಿಗೆ ಬಂದೆ. ಅವ್ವ ನೆಲದಿಂದಲೇ ಕೂಗಿದಳು: "ನೀ ಬರ್ಬ್ಯಾಡ ಶಿಲ್ಪಾ! ಕಳ್ಸು!"

ಒಂದು ಕಾಲು ಹೊಸಿಲಿನಾಚೆ ಇಟ್ಟಿದ್ದೆ. ಆದರೂ ಹೋಗಲಿಲ್ಲ.

"ಅರ್ಧ ಆಯ್ತು," ಅಂದಳು ಸಬೀರಾ.

ಕಳಿಸಿದರೆ ತಾನೆ ಯಾರು ನೋಡುತ್ತಾರೋ, ನೋಡಿದರೆ ತಾನೆ ಏನಾಗುತ್ತದೋ! ಅವನ ಕೈ ತಂತಿಗೆ ತಾಗಿತು. ಅವ್ವ ಅವನ ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿ ಹಿಡಿದಳು. ಅವನು ಅರಚುತ್ತಾ ಅವಳ ಬೆನ್ನಿಗೆ ಗುದ್ದತೊಡಗಿದ. ಅವಳು ಹಲ್ಲು ಸಡಿಲಿಸಲಿಲ್ಲ. ವಿಡಿಯೋ ಇನ್ನೂ ಮುಗಿದಿರಲಿಲ್ಲ.